ಬೆತ್ತದ ಬೀದಿಯ ಬಾಗಿಲುಗಳು

“ಬಾಗಿಲು ಮುಚ್ಚೋದಾ? ಯಾಕೆ ಮೇಡಂ?” ಸೋಪಿನ ಅಂಗಡಿಯ ಹುಡುಗಿ ಒಳಗಿನಿಂದಲೇ ಕೇಳಿದಳು. “ಮೊದ್ಲು ಒಳಗೆ ಬನ್ನಿ, ಅಲ್ಲಿ ಸೆಖೆ.”

ಬೀ ಚೂ ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ, ಜಗಲಿಯ ಮೇಲೇ ನಿಂತಳು. ಅಪ್ಪ ಸತ್ತು ಮೂರನೆಯ ದಿನ. ತೋಳಿಗೆ ಗೋಣಿಬಟ್ಟೆಯ ಚೌಕ ಸಿಕ್ಕಿಸಿಕೊಂಡ ಮಗಳು ಇನ್ನೊಬ್ಬರ ಹೊಸ್ತಿಲು ದಾಟುವಂತಿಲ್ಲ. ಪೆನಾಂಗಿನ ಈ ಬೆತ್ತದ ಬೀದಿಯಲ್ಲಿ ಒಂದು ಕಾಲಕ್ಕೆ ಇದು ಬೆಕ್ಕಿಗೂ ಗೊತ್ತಿದ್ದ ಮಾತು. ಈಗ ಬಿಡಿಸಿ ಹೇಳಬೇಕು.

“ಒಳಗೆ ಬರೋ ಹಾಗಿಲ್ಲಮ್ಮ, ಸೂತಕ. ಹನ್ನೊಂದು ಗಂಟೆಗೆ ನಮ್ಮಪ್ಪನ್ನ ಈ ದಾರೀಲಿ ಕರ್ಕೊಂಡು ಹೋಗ್ತಾರೆ. ಪೆಟ್ಟಿಗೆ ದಾಟೋವರೆಗೆ, ಐದೇ ನಿಮಿಷ, ಬಾಗಿಲು ಹಾಕ್ಕೊಂಡು ಒಳಗಿದ್ರೆ ಸಾಕು. ಈ ಬೀದಿ ಪದ್ಧತಿ ಅದು.”

“ಯಾರು, ಹ್ಯಾಟ್ ಹಾಕ್ಕೊಂಡು ಬಂದು ಗೋಡೆ ಮುಟ್ಟಿ ಮುಟ್ಟಿ ನೋಡ್ತಿದ್ರಲ್ಲ, ಆ ತಾತನಾ?” ಹುಡುಗಿಗೆ ನಿಜಕ್ಕೂ ಬೇಜಾರಾಯಿತು. “ಅಯ್ಯೋ, ಪಾಪ. ಆದ್ರೆ ಮೇಡಂ…”

ಅವಳು ಬಾಗಿಲಿನ ಕದವನ್ನು ನೋಡಿದಳು. ಕಪ್ಪು ಬಣ್ಣದ, ಎರಡಾಳು ಎತ್ತರದ, ಗಟ್ಟಿ ಮರದ ಕದ. ನಾಲ್ಕು ತಿಂಗಳಿನಿಂದ ಅದರ ಪಕ್ಕದಲ್ಲೇ ಓಡಾಡಿದ್ದರೂ ಅದು ಬಾಗಿಲೆಂದು ಈಗಷ್ಟೇ ಹೊಳೆದ ಹಾಗಿತ್ತು.

“ಇದು ಮುಚ್ಚುತ್ತಾ?”

ಬೀ ಚೂ ಕೂಡ ಕದವನ್ನು ನೋಡಿದಳು. ಇದು ಒಂಬತ್ತನೆಯ ಬಾಗಿಲು. ಹೋಟೆಲಿನವರು ಮ್ಯಾನೇಜರನ್ನು ಕೇಳಬೇಕು ಎಂದಿದ್ದರು. ಚಿತ್ರ ಮಾರುವವನು, “ಸಂಜೆ ಇಟ್ಕೊಳ್ಳೋಕಾಗಲ್ವಾ?” ಎಂದಿದ್ದ, ಮದುವೆಯ ಮುಹೂರ್ತ ಕೇಳುವವನ ಹಾಗೆ. ಈ ಹುಡುಗಿಯಾದರೂ ಸುಮ್ಮನೆ ಕಳಿಸಲಿಲ್ಲ. ಒಂದು ನಿಂಬೆಹುಲ್ಲಿನ ಸೋಪನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಬೀ ಚೂ ಹಿಡಿದುಕೊಂಡೇ ಮುಂದಿನ ಮನೆಗೆ ಹೋದಳು. ಮನೆ ಎನ್ನುವುದು ಅಭ್ಯಾಸಬಲ. ಬೀದಿಯ ಇಪ್ಪತ್ತೆರಡರಲ್ಲಿ ಒಲೆ ಉರಿಯುವ ಮನೆ ಒಂದೇ ಉಳಿದಿತ್ತು, ಅದು ಬೀದಿಯ ತುದಿಯ ಅವಳ ಅಪ್ಪನದು.

ಅಪ್ಪ, ಅಂದರೆ ಚಿಯಾ ಬಾನ್ ಹೋಕ್. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಊರಿಗೆಲ್ಲ ಚಿಯಾ ಮೇಷ್ಟ್ರು. ಹಳೇಪೇಟೆ ಉಳಿಸಿ ಕೂಟದ ಕಾರ್ಯದರ್ಶಿ. ಬೀದಿಯ ಒಂದೊಂದು ಮನೆಯ ಒಂದೊಂದು ಕಿಟಕಿಯ ಅಳತೆ ಬಾಯಿಪಾಠವಿದ್ದ ಮನುಷ್ಯ, ಹೆಂಡತಿಯ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದರು.

ಆ ಹೆಂಡತಿ ಗೇಕ್ ಸಿಮ್ ಶವಪೆಟ್ಟಿಗೆಯ ಪಕ್ಕ ಕುಳಿತು, ಸತ್ತವರಿಗೆಂದು ಸುಡುವ ಚಿನ್ನದ ಬಣ್ಣದ ಕಾಗದ ಮಡಚುತ್ತಿದ್ದಳು. ಮಗಳು ಒಳಗೆ ಬಂದದ್ದನ್ನು ತಲೆಯೆತ್ತದೆಯೇ ತಿಳಿದಳು.

“ಎಷ್ಟು ಜನ ಒಪ್ಪಿದ್ರು?”

“ನೋಡ್ತೀವಿ ಅಂದಿದ್ದಾರಮ್ಮ.”

“ನೋಡೋದೇನು? ಮುಚ್ಚೋಕೆ ಕಣ್ಣು ಯಾಕೆ ಬೇಕು? ಕೈ ಸಾಕು.”

“ಅಮ್ಮ, ಅವರಿಗೆ ಇದೆಲ್ಲ ಗೊತ್ತಿಲ್ಲ. ಬಾಡಿಗೆಗೆ ಬಂದು ಅಂಗಡಿ ಇಟ್ಟಿರೋರು.”

“ನಾನು ಮಾತು ಕೊಟ್ಟಿದ್ದೀನಿ, ಚೂ.”

ಮಾತು ಕೊಟ್ಟದ್ದು ಹೋದ ತಿಂಗಳು. ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದರು. ಎದುರಿನ ಹೋಟೆಲಿನ ಮುಂದೆ ಪ್ರವಾಸಿಗಳ ಗುಂಪೊಂದು ಬಾಗಿಲಿನ ಫೋಟೋ ಹೊಡೆಯುತ್ತಿತ್ತು. ಮೇಷ್ಟ್ರು ಚಮಚ ಕೆಳಗಿಟ್ಟು, “ಗೇಕ್, ನಾನು ಹೋಗುವಾಗ ಈ ಬೀದೀಲಿ ಬಾಗಿಲು ಯಾರು ಹಾಕ್ತಾರೆ?” ಎಂದು ಕೇಳಿದರು. ತಮಾಷೆಯ ದನಿಯಲ್ಲೇ ಕೇಳಿದ್ದರು, ಆದರೆ ಗಂಜಿ ಮುಗಿಸಲಿಲ್ಲ. ಗೇಕ್ ಸಿಮ್ ಸಿಟ್ಟಿನಿಂದ, “ಹಾಕಿಸ್ತೀನಿ. ತಿನ್ನಿ ಸುಮ್ಮನೆ,” ಎಂದಿದ್ದಳು.

ತನ್ನ ಅತ್ತೆ ಹೋದಾಗ ಇಪ್ಪತ್ತೊಂದು ಬಾಗಿಲುಗಳೂ ಒಂದರ ಹಿಂದೊಂದು ಮುಚ್ಚಿದ್ದನ್ನು ಅವಳು ಕೇಳಿದ್ದಳು. ಸತ್ತವರಿಗೆ ದಾರಿ ತಪ್ಪದಿರಲಿ ಎಂದು, ಬದುಕಿದವರಿಗೆ ಸೂತಕ ತಗಲದಿರಲಿ ಎಂದು. ಕಾರಣ ಎರಡರಲ್ಲಿ ಯಾವುದಾದರೂ ಇರಲಿ, ಆ ಸದ್ದು ಮಾತ್ರ ಅವಳಿಗೆ ಬೇಕಿತ್ತು. ಬಾಗಿಲಿನ ಹಿಂದೆ ಜನ ಇದ್ದಾರೆ ಎನ್ನುವುದು ಬಾಗಿಲು ಮುಚ್ಚಿದಾಗಲೇ ತಾನೆ ಗೊತ್ತಾಗುವುದು.

* * *

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಬೆತ್ತದ ಬೀದಿಯನ್ನು ಕೆಡವಿ ಕಾರು ನಿಲ್ಲಿಸುವ ಆರು ಮಹಡಿಯ ಕಟ್ಟಡ ಕಟ್ಟುತ್ತಾರೆ ಎಂಬ ಸುದ್ದಿ ಬಂದಾಗ ಮೊದಲು ನಕ್ಕವನು ಊಯ್ ಚೆಂಗ್ ಟೀಕ್. ಹನ್ನೊಂದನೆಯ ಮನೆಯಲ್ಲಿ ಬೆತ್ತದ ಕುರ್ಚಿ, ತೊಟ್ಟಿಲು ಹೆಣೆಯುತ್ತಿದ್ದವನು. ಕೆಳಗೆ ಅಂಗಡಿ, ಮೇಲೆ ಸಂಸಾರ. ಅಪ್ಪನ ಕಾಲದ ‘ಹುವಾಟ್ ಸೆಂಗ್’ ಎಂಬ ಚಿನ್ನದ ಅಕ್ಷರದ ಹಲಗೆ ಬಾಗಿಲ ಮೇಲೆ.

“ಈ ಬೀದೀಲಿ ಒಬ್ಬರ ಹತ್ರಾನೂ ಕಾರಿಲ್ಲ. ಯಾರ ಕಾರು ನಿಲ್ಲಿಸ್ತಾರಂತೆ?”

ಮೇಷ್ಟ್ರು ನಗಲಿಲ್ಲ. ಶಾಲೆಯಿಂದ ಒಂದು ಅಳತೆಯ ಟೇಪು ತಂದರು. “ಕೆಡವೋದಕ್ಕೆ ಮುಂಚೆ ಇಲ್ಲಿ ಏನಿದೆ ಅಂತ ತೋರಿಸ್ಬೇಕು. ಆ ತುದಿ ಹಿಡ್ಕೋ,” ಎಂದರು. ಟೀಕ್ ಆ ತುದಿ ಹಿಡಿದ. ಎರಡು ವರ್ಷ ಹಿಡಿದ. ಪ್ರತಿ ಭಾನುವಾರ ಮೇಷ್ಟ್ರು ಒಂದು ಮನೆಯ ಚಿತ್ರ ಬರೆಯುವುದು, ಟೀಕ್ ಏಣಿ ಹತ್ತಿ ಅಳತೆ ಕೂಗುವುದು. ಮನೆಯವರು ಇಬ್ಬರಿಗೂ ಕಾಫಿ ಕೊಡುವುದು.

“ನೀನು ಗೋಡೆ ಅಳೆದೂ ಅಳೆದೂ ಬಡಕಲಾದೆ, ನಾನು ಕಾಫಿ ಕುಡಿದೂ ಕುಡಿದೂ ಊದಿಕೊಂಡೆ,” ಎಂದು ಟೀಕ್ ರೇಗಿಸುತ್ತಿದ್ದ.

ಕೂಟದಲ್ಲಿ ಎಂಟು ಜನ. ನೋಟುಪುಸ್ತಕದ ಅಂಗಡಿಯ ಹಾಜಿ ಮೈದೀನ್ ತಮ್ಮ ಮಹಡಿಯನ್ನೇ ಸಭೆಗೆ ಬಿಟ್ಟುಕೊಟ್ಟರು. ವಕೀಲರ ಕಚೇರಿಯ ಮಿಸ್ ಲಾಜರೂ ಅರ್ಜಿಗಳನ್ನೆಲ್ಲ ಟೈಪು ಮಾಡಿದರು. ಮಂತ್ರಿ ಬಂದಾಗ ಮೇಷ್ಟ್ರು ಇಪ್ಪತ್ತೆರಡು ಮನೆಗಳ ಚಿತ್ರವನ್ನು ಒಂದಕ್ಕೊಂದು ಅಂಟಿಸಿ, ಬೀದಿಯ ಉದ್ದಕ್ಕೂ ಹಗ್ಗ ಕಟ್ಟಿ ತೂಗುಹಾಕಿದರು. ಬೀದಿಗೆ ಬೀದಿಯೇ ತನ್ನ ಮುಖ ನೋಡಿಕೊಂಡಂತಾಯಿತು. ಆರು ಮಹಡಿಯ ಕಟ್ಟಡ ಬೇರೆಲ್ಲಿಗೋ ಹೋಯಿತು. ಆ ದಿನ ಟೀಕ್ ಮೇಷ್ಟ್ರನ್ನು ಎತ್ತಿಕೊಂಡು ಕುಣಿಯಲು ಹೋಗಿ ಇಬ್ಬರೂ ಚರಂಡಿಗೆ ಬಿದ್ದರು.

* * *

ಮೇಷ್ಟ್ರ ಮನೆಯ ಮುಂದಿನ ಸಾವಿನ ಚಪ್ಪರದ ಕೆಳಗೆ ಕಡಲೆಬೀಜದ ತಟ್ಟೆಯ ಮುಂದೆ ಕೂಟ ಕುಳಿತಿತ್ತು. ಕೂಟ ಎಂದರೆ ಈಗ ಇಬ್ಬರೇ: ಹಾಜಿ ಮೈದೀನ್ ಮತ್ತು ಮಿಸ್ ಲಾಜರೂ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಬಂದವರಿಗೆ ಕೆಡುಕು ತಟ್ಟದಿರಲೆಂದು ಬೆರಳಿಗೆ ಸುತ್ತಿಕೊಳ್ಳಲು ಕೊಟ್ಟ ಕೆಂಪು ದಾರವನ್ನು ಮಿಸ್ ಲಾಜರೂ ತಿರುವುತ್ತಿದ್ದರು.

“ಚಪ್ಪರಕ್ಕೆ ಮಧ್ಯಾಹ್ನದವರೆಗೆ ಮಾತ್ರ ಅನುಮತಿಯಂತೆ,” ಎಂದರು. “ಕಂಬಕ್ಕೆ ಗುಂಡಿ ತೋಡಬಾರದು, ಜಗಲಿ ಕಲ್ಲು ಹಾಳಾಗತ್ತೆ ಅಂತ ನಗರಸಭೆ ಕಚೇರಿಯೋರು ಚೀಟಿ ಕಳಿಸಿದಾರೆ. ಆ ಮಾತು ಯಾರದ್ದು ಗೊತ್ತಾ ಹಾಜಿ? ಮೇಷ್ಟ್ರದ್ದೇ. ನಗರಸಭೆಗೆ ನಮ್ಮ ಕೂಟ ಬರೆದುಕೊಟ್ಟ ನಿಯಮದಲ್ಲಿದೆ, ನಾನೇ ಟೈಪು ಮಾಡಿದ್ದು.”

“ಮನುಷ್ಯ ಸತ್ತ ಮೇಲೂ ಕಾನೂನು ಪಾಲಿಸ್ತಿದ್ದಾನೆ ಬಿಡಿ,” ಎಂದು ಹಾಜಿ ನಗಲು ನೋಡಿದರು. ನಗು ಬರಲಿಲ್ಲ. ಬೀ ಚೂ ಬಂದು ಬಾಗಿಲಿನ ವಿಷಯ ಹೇಳಿದಾಗ ಎದ್ದು ನಿಂತರು. “ನೀನು ಕೂತ್ಕೋಮ್ಮ. ನಾನು ಹೋಗಿ ಕೇಳ್ತೀನಿ. ನನಗಾದ್ರೆ ಹೊಸ್ತಿಲು ದಾಟೋಕೆ ಅಡ್ಡಿ ಇಲ್ಲ.”

ಹಾಜಿ ಅರ್ಧ ಗಂಟೆಯ ನಂತರ ವಾಪಸು ಬಂದರು. ಬಿಳಿ ಟೋಪಿ ಬೆವರಿನಿಂದ ತಲೆಗೆ ಅಂಟಿತ್ತು. ಕುರ್ಚಿ ಎಳೆದುಕೊಂಡು ಕುಳಿತರು.

“ಒಪ್ಪಲಿಲ್ವಾ ಅಂಕಲ್?”

“ಒಪ್ಪಿದ್ರಮ್ಮ. ಒಳ್ಳೆ ಮಕ್ಕಳು. ಇಬ್ಬರು ಮೂವರು ನನ್ನ ಜೊತೆ ಬಂದು ಎಳೆದೂ ನೋಡಿದ್ರು. ಬಾಗಿಲು ಬರಲ್ಲ.”

“ಬರಲ್ಲ ಅಂದ್ರೆ?”

“ಗೋಡೆಗೆ ಸ್ಕ್ರೂ ಹೊಡೆದಿದ್ದಾರೆ. ಒಂದೊಂದು ಕದಕ್ಕೆ ಆರು. ಅದರ ಮೇಲೆ ಬಣ್ಣ. ಒಳಗಡೆ ಗಾಜಿನ ಬಾಗಿಲಿದೆ, ಅದು ತಾನೇ ಸರಿಯತ್ತೆ. ಹಳೇ ಬಾಗಿಲು ಬರೀ ನೋಡೋಕೆ.” ಹಾಜಿ ಬೆರಳು ಮಡಚಿದರು. “ಇಪ್ಪತ್ತೊಂದರಲ್ಲಿ ಇಪ್ಪತ್ತು ಹಾಗೇ. ಇನ್ನೊಂದು ಗೋದಾಮು. ಅದಕ್ಕೆ ಮೂರು ವರ್ಷದಿಂದ ಬೀಗ. ಅದನ್ನ ಮುಚ್ಚಿದ್ದು ಅಂತ ಹೇಳೋಕೆ ನನಗೆ ನಾಚಿಕೆ.”

ಮಿಸ್ ಲಾಜರೂ ಕಣ್ಣು ಮುಚ್ಚಿಕೊಂಡು ಒಪ್ಪಿಸಿದರು. “‘ಮುಂಬಾಗಿಲ ಎರಡೂ ಕದಗಳು ಮೂಲ ಮರದವೇ ಆಗಿರತಕ್ಕದ್ದು. ಹಗಲಿನಲ್ಲಿ ಬೀದಿಗೆ ಕಾಣುವಂತೆ ಇರತಕ್ಕದ್ದು.’ ಹನ್ನೆರಡನೇ ನಿಯಮ. ಕದ ಬಿಚ್ಚಿ ಹಿತ್ತಲಿಗೆ ಎಸೀತಿದ್ರು ಅಂತ ಮೇಷ್ಟ್ರು ಸೇರಿಸಿದ್ದು. ಆವತ್ತು ಎಷ್ಟು ಖುಷಿಯಾಗಿದ್ರು!”

“ಸರಿಯಾಗೇ ಇದೆಯಲ್ಲ.”

“ಇರಬೇಕು ಅಂತ ಬರೆದ್ವಿ. ಕಾಣಬೇಕು ಅಂತ ಬರೆದ್ವಿ. ಮುಚ್ಚೋ ಹಾಗಿರಬೇಕು ಅಂತ ಬರೀಲೇ ಇಲ್ಲ ಹಾಜಿ.”

“ಬಾಗಿಲು ಅಂದ್ಮೇಲೆ ಮುಚ್ಚಲ್ವಾ? ಅದನ್ನೂ ಬರೀಬೇಕಾ?”

“ಬರೀಬೇಕಾಗಿತ್ತು.”

ಸ್ಕ್ರೂ ಬಿಚ್ಚಿಸಿದರೆ ಹೇಗೆ ಎಂದು ಬೀ ಚೂ ಕೇಳಿದಳು. ಬಿಚ್ಚಿಸಲು ಕಚೇರಿಯ ಅನುಮತಿ ಬೇಕು, ಅರ್ಜಿ ಕೊಟ್ಟ ಹದಿನಾಲ್ಕು ದಿನದ ಮೇಲೆ. ಅದೂ ಹದಿಮೂರನೆಯ ನಿಯಮವಾಗಿ ಮೇಷ್ಟ್ರೇ ಬರೆದದ್ದು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆಯಿದೆ. ಇಲ್ಲಿ ಹಾಕಲು ಬಾಗಿಲೂ ಬರುತ್ತಿರಲಿಲ್ಲ. ಮೂವರೂ ಪೆಟ್ಟಿಗೆಯ ಕಡೆ ನೋಡಿದರು. ಗೇಕ್ ಸಿಮ್ ಕಾಗದ ಮಡಚುತ್ತಲೇ ಇದ್ದಳು. ಅವಳಿಗೆ ಹೇಳುವುದು ಯಾರು? ಯಾರೂ ಹೇಳಲಿಲ್ಲ. ಅಷ್ಟು ಧೈರ್ಯ ಆ ಚಪ್ಪರದಲ್ಲಿ ಯಾರಿಗೂ ಇರಲಿಲ್ಲ.

* * *

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಬಾಡಿಗೆ ಏರಿಸದಂತೆ ತಡೆದಿದ್ದ ಹಳೆಯ ಕಾಯಿದೆ ಮುಗಿಯಿತು. ಹೊಸ ಬಾಡಿಗೆ ಕೊಡಿ, ಇಲ್ಲ ಖಾಲಿ ಮಾಡಿ ಎಂದು ಬೀದಿಯ ಮಾಲೀಕರು ಮನೆ ಮನೆಗೆ ನೋಟೀಸು ಕಳಿಸಿದರು. ಉಳಿಸಿಕೊಂಡ ಬೀದಿಗೆ ಆಗಲೇ ಹೆಸರು ಬಂದಿತ್ತು, ಹೆಸರಿಗೆ ತಕ್ಕ ಬೆಲೆಯೂ ಬಂದಿತ್ತು. ಮೇಷ್ಟ್ರ ಮನೆ ಮಾತ್ರ ಅವರ ಕುಲಸಂಘದ್ದು. ಅವರಿಗೆ ನೋಟೀಸು ಬರಲಿಲ್ಲ.

ಹಾಜಿಯ ಮಹಡಿಯ ಸಭೆಯಲ್ಲಿ ಟೀಕ್ ತನ್ನ ನೋಟೀಸನ್ನು ಮೇಜಿನ ಮೇಲಿಟ್ಟ.

“ಮಂತ್ರಿಗೆ ಒಂದು ಅರ್ಜಿ ಬರೀರಿ. ಮನೆಗಳ ಬಗ್ಗೆ ಬರೆದ ಹಾಗೇ ನಮ್ಮ ಬಗ್ಗೆನೂ ಬರೀರಿ.”

ಮೇಷ್ಟ್ರು ಬಹಳ ಹೊತ್ತು ಪೆನ್ಸಿಲ್ ಹೆರೆದರು. “ಟೀಕ್, ನಮ್ಮದು ಮನೆಗಳ ಕೂಟ. ಬಾಡಿಗೆ ಅಂತ ಬಾಯಿ ಬಿಟ್ರೆ ಮಾಲೀಕರೆಲ್ಲ ತಿರುಗಿಬೀಳ್ತಾರೆ, ಮನೇನೂ ಕೆಡವ್ತಾರೆ. ಮೊದಲು ಗೋಡೆ ನಿಲ್ಲಲಿ. ಜನದ ವಿಷಯ ಆಮೇಲೆ ನೋಡೋಣ.”

“ಆಮೇಲೆ ನೋಡೋಕೆ ಜನ ಎಲ್ಲಿರ್ತಾರೆ ಹೋಕ್?”

“ನಿನ್ನ ಕಷ್ಟ ನನಗೆ ಗೊತ್ತಿಲ್ವಾ?”

“ಗೊತ್ತಿದೆ. ಅಳತೆ ಸಮೇತ ಗೊತ್ತಿದೆ.”

ಕೈ ಎತ್ತಲು ಹೇಳಿದರು. ಟೀಕ್‌ನ ಪರವಾಗಿ ಟೀಕ್ ಒಬ್ಬನೇ ಎತ್ತಿದ. ಹಾಜಿ ಎತ್ತಲಿಲ್ಲ, ಮಿಸ್ ಲಾಜರೂ ಎತ್ತಲಿಲ್ಲ. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ ಅವರಿಗೆ. ಇವತ್ತಿಗೂ, ಆವತ್ತು ಅರ್ಜಿ ಬರೆದಿದ್ದರೆ ಏನಾದರೂ ಆಗುತ್ತಿತ್ತೇ ಎಂದರೆ ಯಾರೂ ಹೇಳಲಾರರು.

ಟೀಕ್ ಮನೆ ಖಾಲಿ ಮಾಡುವ ದಿನ ಮೇಷ್ಟ್ರು ಬಂದರು. ಲಾರಿಗೆ ಮಂಚ, ಒಲೆ, ಬೆತ್ತದ ಕಟ್ಟು ಎಲ್ಲ ಏರಿಯಾಗಿತ್ತು. ಟೀಕ್ ಏಣಿಯ ಮೇಲೆ ನಿಂತು ಅಪ್ಪನ ಹಲಗೆಯ ಮೊಳೆ ಸಡಿಲಿಸುತ್ತಿದ್ದ. ಸಹಾಯಕ್ಕೆ ಬಂದರೇನೋ ಎಂದು ಅವನ ಹೆಂಡತಿ ದಾರಿ ಬಿಟ್ಟಳು.

“ಟೀಕ್,” ಮೇಷ್ಟ್ರು ಕೆಳಗಿನಿಂದ ಅಂದರು, “ಹಲಗೆ ಮಾತ್ರ ಬಿಚ್ಚಬೇಡ. ಅದು ಕಟ್ಟಡಕ್ಕೆ ಸೇರಿದ್ದು.”

ಅದನ್ನು ಕೇಳಿದ ಮೇಲೆ ಟೀಕ್ ಏಣಿ ಇಳಿದ. ಮೊಳೆಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟ. ಊರಾಚೆ ಆಯರ್ ಈತಮ್‌ನ ಹದಿನೇಳನೆಯ ಮಹಡಿಯ ಫ್ಲ್ಯಾಟಿಗೆ ಹೋದವನು ಹತ್ತೊಂಬತ್ತು ವರ್ಷ ಆ ಬೀದಿಗೆ ಕಾಲಿಡಲಿಲ್ಲ. ಮೇಷ್ಟ್ರು ಆ ಹಲಗೆಗೆ ಪ್ರತಿ ಹೊಸ ವರ್ಷಕ್ಕೂ ತಾವೇ ಏಣಿ ಹತ್ತಿ ಚಿನ್ನದ ಬಣ್ಣ ತುಂಬುತ್ತಿದ್ದರು. ಅದು ಪ್ರಾಯಶ್ಚಿತ್ತವೋ ಕೂಟದ ಕೆಲಸವೋ, ಕೇಳಿದರೆ ಅವರಿಗೂ ಗೊತ್ತಿರಲಿಲ್ಲವೇನೋ.

* * *

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಚಪ್ಪರದ ಹೊರಗೆ ಒಬ್ಬ ಮುದುಕ ಬಂದು ನಿಂತ. ಬಿಳಿ ಅಂಗಿ, ಕೈಯಲ್ಲಿ ಕೊಡೆ. ಬಸ್ಸಿಳಿದು ನಡೆದು ಬಂದದ್ದಕ್ಕೆ ಏದುಸಿರು ಬರುತ್ತಿತ್ತು. ಹಾಜಿ ಮೊದಲು ಗುರುತು ಹಿಡಿದು ಎದ್ದರು.

“ಚಿಕ್ಕಪ್ಪ?” ಎಂದಳು ಬೀ ಚೂ.

ಟೀಕ್ ಅವಳ ತೋಳಿನ ಗೋಣಿಬಟ್ಟೆ ನೋಡಿ ತಲೆಯಾಡಿಸಿದ. “ನಿನ್ನ ಕೂದಲೂ ಬೆಳ್ಳಗಾಯ್ತಲ್ಲೇ,” ಎಂದ. ಮೂರು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಯ ಮುಂದಿನ ಬೂದಿಯ ಬಟ್ಟಲಿಗೆ ಸಿಕ್ಕಿಸಿದ. ಫೋಟೋದ ಕಡೆ ನೋಡಲಿಲ್ಲ.

“ಬಂದ್ಯಾ ಟೀಕ್,” ಎಂದಳು ಗೇಕ್ ಸಿಮ್.

“ಪೇಪರಿನಲ್ಲಿ ನೋಡಿದೆ ಅತ್ತಿಗೆ.”

“ಅವರು ನಿನ್ನ ಕೇಳ್ತಿದ್ರು.”

“ಸುಳ್ಳು ಹೇಳಬೇಡಿ. ಅವನು ಯಾರನ್ನೂ ಕೇಳೋನಲ್ಲ.” ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. “ನಾನು ಕ್ಷಮಿಸೋಕೆ ಬಂದಿಲ್ಲ. ಅದು ನನ್ನ ಕೈಲಾಗಲ್ಲ, ಪ್ರಯತ್ನಪಟ್ಟು ನೋಡಿದೆ. ಬಾಗಿಲು ಹಾಕೋಕೆ ಬಂದೆ. ಈ ಬೀದೀಲಿ ಯಾರು ಹೋದ್ರೂ ನಮ್ಮನೆ ಬಾಗಿಲು ನಾನೇ ಹಾಕ್ತಿದ್ದೆ. ನಿಮ್ಮತ್ತೆ ಹೋದಾಗ್ಲೂ ನಾನೇ.”

“ಗೊತ್ತು. ನಿನ್ನ ಬಾಗಿಲು ಕಿರುಗುಟ್ಟುತ್ತಿತ್ತು.”

“ಎಣ್ಣೆ ಹಾಕು ಹಾಕು ಅಂತ ಪ್ರಾಣ ತಿಂತಿದ್ದ ಇವನು.”

ಹೇಳಬೇಕಾದ ಹೊತ್ತು ಅದೇ. ಹಾಜಿ ಬಾಯಿ ತೆರೆದರು. ಗೇಕ್ ಸಿಮ್‌ನ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಸ್ವಲ್ಪ ಬಣ್ಣ ಬಂದದ್ದನ್ನು ಕಂಡು ಮುಚ್ಚಿಕೊಂಡರು. ಅಷ್ಟರಲ್ಲಿ ಪುರೋಹಿತ ಕಂಚಿನ ತಟ್ಟೆ ಬಡಿದ. ಪೆಟ್ಟಿಗೆ ಎತ್ತುವುದನ್ನು ನೋಡಬಾರದೆಂದು ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಗಾಲಿಯ ಮೇಲೆ ಏರಿಸಿದ ಸದ್ದು ಕೇಳಿದ ಮೇಲೆ ತಿರುಗಿದರು. ಟೀಕ್ ಆಗಲೇ ಕೊಡೆ ಊರಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ.

ಗೇಕ್ ಸಿಮ್ ಮಗಳ ತೋಳು ಹಿಡಿದು ಪೆಟ್ಟಿಗೆಯ ಹಿಂದೆ ನಡೆದಳು. ಹೋಟೆಲಿನ ಬಾಗಿಲು ತೆರೆದಿತ್ತು. ಚಿತ್ರದ ಅಂಗಡಿಯ ಬಾಗಿಲು ತೆರೆದಿತ್ತು. ಸೋಪಿನ ಹುಡುಗಿ ಬಾಗಿಲ ಪಕ್ಕದಲ್ಲಿ ಕೈಮುಗಿದು ನಿಂತಿದ್ದಳು. ಅವಳ ಹಿಂದೆಯೂ ಎಲ್ಲ ತೆರೆದೇ ಇತ್ತು, ಒಳಗಿನ ದೀಪಗಳು ಬೀದಿಯವರೆಗೂ ಬೆಳಗುತ್ತಿದ್ದವು. ಕಪ್ಪು ಕದಗಳು ಹೊಸ ಬಣ್ಣದಲ್ಲಿ ಹೊಳೆಯುತ್ತ ಗೋಡೆಗೆ ಅಂಟಿಕೊಂಡಿದ್ದವು. ಬೀದಿ ಇಷ್ಟು ಅಚ್ಚುಕಟ್ಟಾಗಿ ಯಾವತ್ತೂ ಇರಲಿಲ್ಲ. ಪ್ರವಾಸಿಯೊಬ್ಬ ಟೋಪಿ ತೆಗೆದ, ಇನ್ನೊಬ್ಬ ಫೋಟೋ ತೆಗೆದ.

“ಯಾಕೆ ಚೂ?” ಎಂದಳು ಗೇಕ್ ಸಿಮ್. “ಯಾಕೆ ಯಾರೂ ಹಾಕ್ತಿಲ್ಲ?”

ಬೀ ಚೂ ಅಮ್ಮನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಹನ್ನೊಂದನೆಯ ಮನೆ ಈಗ ಕಾಫಿಯ ಅಂಗಡಿ. ಹೆಸರು ಹುಡುಕುವ ಕಷ್ಟವೂ ಅವರಿಗಿರಲಿಲ್ಲ, ಹಲಗೆಯ ಮೇಲಿದ್ದ ‘ಹುವಾಟ್ ಸೆಂಗ್’ ಅನ್ನೇ ಇಟ್ಟುಕೊಂಡಿದ್ದರು. ಟೀಕ್ ಕೊಡೆಯನ್ನು ಗೋಡೆಗೆ ಒರಗಿಸಿ ಎಡಗಡೆಯ ಕದಕ್ಕೆ ಕೈಹಾಕಿದ. ಬರಲಿಲ್ಲ. ಕಾಲು ಊರಿ ಎಳೆದ. ಬಲಗಡೆಯದನ್ನು ಎಳೆದ. ಆಮೇಲೆ ಬಗ್ಗಿ, ಮರದ ಮೇಲೆ ಬೆರಳಾಡಿಸಿ, ಬಣ್ಣದ ಕೆಳಗಿನ ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕೆಲಸ ಗೊತ್ತಿದ್ದವನು. ತನ್ನ ಕೈಯಲ್ಲಿ ಆಗುವುದಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಎಷ್ಟು ಜನ ಅಂಕಲ್?” ಅಂಗಡಿಯ ಹುಡುಗ ಒಳಗಿನಿಂದ ಕೇಳಿದ.

ಕಂಚಿನ ತಟ್ಟೆಯ ಸದ್ದು ಪಕ್ಕದ ಮನೆಯವರೆಗೆ ಬಂದಿತ್ತು. ಟೀಕ್ ಹೊಸ್ತಿಲ ಮೇಲೆ ಹತ್ತಿದ. ಬೀದಿಗೆ ಬೆನ್ನು ಮಾಡಿ, ಎರಡೂ ತೋಳು ಚಾಚಿ, ಎರಡು ಕಡೆಯ ಚೌಕಟ್ಟನ್ನು ಹಿಡಿದು ನಿಂತ. ತೋಳು ಪೂರ್ತಿ ಮುಟ್ಟಲಿಲ್ಲ, ಬೆರಳ ತುದಿಯಷ್ಟೇ ಮುಟ್ಟಿತು. ಗಾಜಿನ ಬಾಗಿಲು ಮುಚ್ಚಲು ಬಂದು, ಅವನನ್ನು ಕಂಡು ಹಿಂದಕ್ಕೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ತಣ್ಣನೆಯ ಗಾಳಿ ಅವನ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ಕುಳಿತವರು ಬಟ್ಟಲು ಎತ್ತಿದ ಕೈಯಲ್ಲೇ ನೋಡಿದರು.

ಬೆನ್ನ ಹಿಂದೆ ಗಾಲಿಗಳು ಬಂದವು. ಅಲ್ಲಿ ಗೇಕ್ ಸಿಮ್ ಒಮ್ಮೆಲೇ ಅತ್ತದ್ದು ಅವನಿಗೆ ಕೇಳಿಸಿತು. ತಿರುಗಲಿಲ್ಲ, ತಿರುಗಬಾರದು.

ಒಳಗಿನಿಂದ ಕಾಫಿ ಮುಗಿಸಿದ ಜೋಡಿಯೊಂದು ಎದ್ದು ಬಾಗಿಲಿಗೆ ಬಂತು. ಗಂಡಸು ಮರ್ಯಾದೆಯಿಂದಲೇ ಕೇಳಿದ.

“ಸ್ವಲ್ಪ ದಾರಿ ಬಿಡ್ತೀರಾ ಅಂಕಲ್?”

ಟೀಕ್ ಚಾಚಿದ ತೋಳುಗಳನ್ನು ಕೆಳಗಿಳಿಸಲಿಲ್ಲ.

“ಬಾಗಿಲು ಹಾಕಿದೆ,” ಎಂದ.